‘ಲಿಮಿಟೆಡ್ ಎಡಿಷನ್’ ಅಂದ್ರೆ ಸಾಕಾ?

ಫೈನಲ್ ಇಯರ್ ಮುಗಿಯುತ್ತಾ ಬಂದ ಹಾಗೆ ಹಾಸ್ಟೆಲ್ ಗ್ರೂಪುಗಳಲ್ಲಿ ಮಾರಾಟದ ಸೀಸನ್ ಶುರುವಾಗುತ್ತೆ. ಸೈಕಲ್, ಡ್ರಾಫ್ಟರ್, ಟೇಬಲ್ ಫ್ಯಾನ್‌ಗಳ ಮಧ್ಯೆ ಒಂದು ಅಕೌಸ್ಟಿಕ್ ಗಿಟಾರ್ ಕೂಡ ಬರುತ್ತೆ. ‘ವಿಂಟೇಜ್, ಲಿಮಿಟೆಡ್ ಎಡಿಷನ್, ರೇರ್ ಪೀಸ್. ನೋ ಬಾರ್ಗೇನಿಂಗ್.’ ಇಷ್ಟು ಹೇಳಿ ಮಾರಿಬಿಡೋದು ಸರಿಯಲ್ಲ ಅನ್ನೋದು ನಮ್ಮ ವಾದ.

ವಿಂಟೇಜ್ ಅಂದ್ರೆ ನಿಜಕ್ಕೂ ಹಳೆಯದು. ವಿಂಟೇಜ್ ಸ್ಟೈಲ್ ಅಂದ್ರೆ ಹಳೆಯದರ ಹಾಗೆ ಹೊಸದಾಗಿ ಮಾಡಿದ್ದು. ಎರಡನೆಯದು ಕೀಳೇನಲ್ಲ, ಅದರ ಹಿಂದೆ ಒಳ್ಳೆ ಎಂಜಿನಿಯರಿಂಗ್ ಇದೆ. ಅಮೆರಿಕದ ಮಾರ್ಟಿನ್ ಕಂಪನಿ ಗಿಟಾರಿನ ಮೇಲ್ಹಲಗೆಯ ಒಳಗಿರುವ ಬ್ರೇಸ್ ಪಟ್ಟಿಗಳನ್ನು ಕೆತ್ತಿ ಹಗುರ ಮಾಡುತ್ತಿತ್ತು. ಹಗುರವಾದಷ್ಟೂ ಹಲಗೆ ಚೆನ್ನಾಗಿ ಕಂಪಿಸುತ್ತೆ. ಆದರೆ ದಪ್ಪ ತಂತಿಯ ಎಳೆತ ತಡೆಯಲೆಂದು 1944ರಲ್ಲಿ ಅದನ್ನು ಬಿಟ್ಟಿತು. ಹಳೆಯ ನಾದವನ್ನೇ ಜನ ಹುಡುಕತೊಡಗಿದಾಗ, 1976ರಲ್ಲಿ ಎಚ್‌ಡಿ-28 ಮಾದರಿಯಲ್ಲಿ ಮತ್ತೆ ತಂದಿತು. ಮರದ ಕಥೆಯೂ ಇದೆ. 1969ರಲ್ಲಿ ಅದೇ ಕಂಪನಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್‌ಗೆ ಬಂತು. ಅದು ಬೇರೆ ಯಾವುದೂ ಅಲ್ಲ, ನಮ್ಮ ಮಲೆನಾಡಿನ ಬೀಟೆ ಮರದ ಜಾತಿಯೇ.

ಇನ್ನು ‘ಲಿಮಿಟೆಡ್’. ಕರ್ಟ್ ಕೊಬೇನ್ 1993ರ ಎಂಟಿವಿ ಅನ್‌ಪ್ಲಗ್ಡ್‌ನಲ್ಲಿ ನುಡಿಸಿದ 1959ರ ಮಾರ್ಟಿನ್ ಡಿ-18ಇ, 2020ರ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ಆ ಮಾದರಿಯಲ್ಲಿ ತಯಾರಾದದ್ದೇ ಸುಮಾರು 300. ಹಾಗಂತ ಉಳಿದವಕ್ಕೆ ಆ ಬೆಲೆ ಇದೆಯಾ? ಇಲ್ಲ. ದುಡ್ಡು ಬಂದದ್ದು ಸಂಖ್ಯೆಗಲ್ಲ, ನುಡಿಸಿದ ಕೈಗೆ.

ಹಾಗಾದ್ರೆ ಮಾರುವವರು ಏನು ಹೇಳಬೇಕು? ಹಲಗೆ ಇಡೀ ಮರದ್ದಾ, ಪ್ಲೈ ಥರ ಅಂಟಿಸಿದ್ದಾ? ಸೌಂಡ್‌ಹೋಲ್ ಅಂಚು ನೋಡಿದ್ರೆ ಪದರಗಳು ಸಾಮಾನ್ಯವಾಗಿ ಕಾಣುತ್ತೆ, ಅದರ ಫೋಟೋ ಹಾಕಿ. ಆರು ತಂತಿಗಳ ಎಳೆತ ಸೇರಿದ್ರೆ ಸುಮಾರು 70 ಕಿಲೋ. ವರ್ಷಗಟ್ಟಲೆ ಹಾಗೆ ಎಳೆದರೆ ನೆಕ್ ಬಾಗಬಹುದು, ಬ್ರಿಡ್ಜ್ ಹಿಂದೆ ಹಲಗೆ ಉಬ್ಬಬಹುದು. 12ನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರ ಇದೆ ಅಂತ ಅಳೆದು ಬರೆಯಿರಿ. ಬಿರುಕು, ರಿಪೇರಿ ಇದ್ರೆ ಅದನ್ನೂ ಹೇಳಿ. ಲೇಬಲ್ ಮೇಲಿನ ನಂಬರ್ ಆಮೇಲೆ ಬರಲಿ.

‘ಇಷ್ಟೆಲ್ಲ ಹೇಳಿದ್ರೆ ರೇಟ್ ಬೀಳಲ್ವಾ ಮಗಾ?’ ಅಂತ ಕೇಳುವವರಿದ್ದಾರೆ. ಬೀಳಬಹುದು. ಆದರೆ ಕೊಳ್ಳುವವರು ಬಹುತೇಕ ಜೂನಿಯರ್ಸ್. ಮೆಸ್ ಬಿಲ್ ಕಟ್ಟಿ ಉಳಿದದ್ದರಲ್ಲಿ ಮೊದಲ ಗಿಟಾರ್ ತಗೊಳ್ಳುವವರು. ತಂತಿ ಎತ್ತರವಿದ್ರೆ ಎಫ್ ಕಾರ್ಡ್ ಒತ್ತಲಾಗದೆ ಬೆರಳು ನೋಯುತ್ತೆ. ಗಿಟಾರ್ ಸರಿ ಇಲ್ಲ ಅಂತ ಅವರಿಗೆ ಗೊತ್ತಾಗಲ್ಲ. ‘ನನ್ನ ಕೈಗೆ ಸಂಗೀತ ಹತ್ತಲ್ಲ’ ಅಂದುಕೊಂಡು ಮೂಲೆಗಿಡುತ್ತಾರೆ. ನಾಲ್ಕು ಕಾಸು ಹೆಚ್ಚು ಸಿಕ್ಕಿದ್ದಕ್ಕೆ ಒಬ್ಬರ ಕಲಿಕೆ ಅಲ್ಲಿಗೇ ನಿಂತ ಹಾಗೆ.

ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಇಲ್ಲದೆ ರಿಸಲ್ಟ್ ಬರೆದ್ರೆ ಮೇಷ್ಟ್ರು ಸೈನ್ ಹಾಕಲ್ಲ. ಗಿಟಾರ್ ಮಾರುವಾಗಲೂ ಮೊದಲು ರೀಡಿಂಗ್ ಕೊಡೋಣ, ಆಮೇಲೆ ರೇಟ್ ಹೇಳೋಣ.