ಕಿಟಕಿಯಲ್ಲಿ ನಿಂತವರ ಕೆಲಸ

ಒಂದು ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು, ಅಲ್ಲಿದ್ದ ಮನುಷ್ಯ ಪಾಳಿಯುದ್ದಕ್ಕೂ ಏನೇನು ಮಾಡುತ್ತಿದ್ದ ಎಂಬುದನ್ನು ಪೂರ್ತಿಯಾಗಿ ಲೆಕ್ಕ ಹಾಕಬೇಕು. ಅಮೆರಿಕದ ರೈಲ್ವೆ ಕಂಪನಿಗಳು ತಮ್ಮ ಸಿಗ್ನಲ್ ಟವರ್‌ಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದಾಗ ಈ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದವು. ಹಳಿ ತಿರುಗಿಸುವ, ಸಿಗ್ನಲ್ ಕೊಡುವ ಲಿವರ್ ಎಳೆಯುವುದಕ್ಕೆ ಒಳ್ಳೆಯ ಬದಲಿ ಸಿಕ್ಕಿತು. ಕಿಟಕಿಯಿಂದ ರೈಲನ್ನು ನೋಡುವ ಕೆಲಸಕ್ಕೆ ಬದಲಿ ಬಂದದ್ದು ತಡವಾಗಿ, ಅದೂ ಅಲ್ಲೊಂದು ಇಲ್ಲೊಂದು. ನಮ್ಮಲ್ಲೂ ಸಿಗ್ನಲ್ ಕ್ಯಾಬಿನ್‌ಗಳು ಮುಚ್ಚಿ, ಲೆವೆಲ್ ಕ್ರಾಸಿಂಗ್ ಗೇಟುಗಳು ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಅಲ್ಲಿನ ಕಥೆಯನ್ನು ನಾವು ಗಮನವಿಟ್ಟು ಓದಬೇಕಿದೆ.

ಹಳಿಗಳು ಕೂಡುವ, ಕವಲೊಡೆಯುವ, ಒಂದನ್ನೊಂದು ದಾಟುವ ಅನೇಕ ಕಡೆಗಳಲ್ಲಿ 1940ರ ದಶಕದ ಅಮೆರಿಕದಲ್ಲಿ ಎರಡಂತಸ್ತಿನ ಟವರ್ ಇರುತ್ತಿತ್ತು. ಮೇಲಿನ ಮಹಡಿಯಲ್ಲಿ ಸಾಲಾಗಿ ಲಿವರ್‌ಗಳು, ಸುತ್ತ ದೊಡ್ಡ ಕಿಟಕಿಗಳು. ಲಿವರ್‌ಗಳ ನಡುವಿನ ಇಂಟರ್‌ಲಾಕಿಂಗ್ ಏರ್ಪಾಡು ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದ ತತ್ವದ ಮುಂದುವರಿಕೆ: ಒಂದು ದಾರಿಗೆ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿತುಂಡು, ಕೂರಿಸಿ ಸಿಗ್ನಲ್ ಕೊಟ್ಟ ಮೇಲೆ, ಅದಕ್ಕೆ ಅಡ್ಡಬರುವ ಇನ್ನೊಂದು ದಾರಿಯ ಲಿವರ್ ಅಲುಗುವುದೇ ಇಲ್ಲ. ಟವರ್ ಆಪರೇಟರ್, ದೂರದಲ್ಲಿ ಕೂತು ರೈಲುಗಳ ಓಡಾಟ ನಿಯಂತ್ರಿಸುವ ಡಿಸ್ಪ್ಯಾಚರ್ ಹೇಳಿದಂತೆ ದಾರಿ ಮಾಡಿಕೊಡಬೇಕು, ಪ್ರತಿ ರೈಲು ದಾಟಿದ ಹೊತ್ತನ್ನು ಬರೆದು ತಿಳಿಸಬೇಕು, ಟೆಲಿಗ್ರಾಫಿನಲ್ಲೋ ಫೋನಿನಲ್ಲೋ ಬಂದ ಆದೇಶವನ್ನು ಬರೆದುಕೊಂಡು, ಓಡುತ್ತಿರುವ ಎಂಜಿನ್ನಿನವರ ಕೈಗೆ ಸಿಗುವಂತೆ ಕೋಲಿನ ಬಳೆಗೆ ಸಿಕ್ಕಿಸಿ ಹಿಡಿಯಬೇಕು. ಇಷ್ಟು ಗಮನ ಬೇಡುವ ಕೆಲಸವೆಂದೇ 1907ರ ಫೆಡರಲ್ ಕಾನೂನು, ಹಗಲು ರಾತ್ರಿ ನಡೆಯುವ ಕಚೇರಿಗಳಲ್ಲಿ ಆಪರೇಟರ್‌ಗಳ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಮಿತಿಗೊಳಿಸಿತ್ತು. ರೈಲಿನಲ್ಲಿ ದುಡಿಯುವವರಿಗೆ ಅದೇ ಕಾನೂನು 16 ಗಂಟೆ ಇಟ್ಟಿತ್ತು. ಇವೆಲ್ಲದರ ಜೊತೆಗೆ ಇನ್ನೊಂದು ಹೊಣೆ: ಎದುರಿಗೆ ಹಾದುಹೋಗುವ ರೈಲನ್ನು ತುದಿಯಿಂದ ತುದಿಗೆ ನೋಡುವುದು. ಗಾಲಿಯ ಅಚ್ಚಿನ ತುದಿ ತಿರುಗುವ ಆಕ್ಸಲ್ ಬಾಕ್ಸಿನಿಂದ ಹೊಗೆ ಬರುತ್ತಿದೆಯೇ, ಏನಾದರೂ ಕಳಚಿ ನೆಲಕ್ಕೆ ಎಳೆಯುತ್ತಿದೆಯೇ, ಸರಕು ವಾಲಿದೆಯೇ, ಕೊನೆಯ ಗಾಡಿಯ ದೀಪ ಇದೆಯೇ. ತಪ್ಪು ಕಂಡರೆ ಮುಂದಿನ ಟವರಿಗೆ ಫೋನ್. ಅಲ್ಲಿನವರು ಸಿಗ್ನಲ್ ಕೆಂಪು ಮಾಡುತ್ತಿದ್ದರು.

ಈ ಸರಪಳಿ ಎಷ್ಟು ಬೆಲೆಯುಳ್ಳದ್ದು, ಎಷ್ಟು ಬಿಗಿಯಾಗಿರಬೇಕಾದದ್ದು ಎಂಬುದನ್ನು ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಜಂಕ್ಷನ್ ದುರಂತ ಒಟ್ಟಿಗೇ ತೋರಿಸುತ್ತದೆ. 1943ರ ಸೆಪ್ಟೆಂಬರ್ 6ರಂದು ವಾಷಿಂಗ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟಿದ್ದ ಕಾಂಗ್ರೆಷನಲ್ ಲಿಮಿಟೆಡ್ ರೈಲಿನ ಒಂದು ಆಕ್ಸಲ್ ಬಾಕ್ಸ್ ಉರಿಯುತ್ತಿರುವುದು ಯಾರ್ಡಿನ ಕೆಲಸಗಾರರ ಕಣ್ಣಿಗೆ ಬಿತ್ತು. ಅವರು ಮುಂದಿನ ಟವರಿಗೆ ಫೋನ್ ಮಾಡಿದರು. ಆದರೆ ರೈಲನ್ನು ತಡೆಯುವಷ್ಟು ಸಮಯ ಉಳಿದಿರಲಿಲ್ಲ. ಅಚ್ಚು ಮುರಿದು ಬೋಗಿಗಳು ಹಳಿ ತಪ್ಪಿದವು, 79 ಮಂದಿ ಸತ್ತರು. ನೋಡಿಯೂ ಉಳಿಸಲಾಗಲಿಲ್ಲವಲ್ಲ, ಕಣ್ಣಿನಿಂದ ಏನು ಬಂತು ಎಂದು ಇದನ್ನು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ. ಅಷ್ಟು ವೇಗದ ರೈಲಿನ ದೋಷವನ್ನು ಮನುಷ್ಯರು ಕಂಡುಹಿಡಿದಿದ್ದರು. ಸಾಲದೆ ಹೋದದ್ದು ಕಂಡ ಜಾಗಕ್ಕೂ ತಡೆಯಬಲ್ಲ ಜಾಗಕ್ಕೂ ನಡುವಿನ ಅಂತರ. ಕಣ್ಣುಗಳು ಇನ್ನಷ್ಟು ಹಿಂದೆ, ಇನ್ನಷ್ಟು ಒತ್ತಾಗಿ ಇರಬೇಕಿತ್ತು.

ನಡೆದದ್ದು ಅದಕ್ಕೆ ತದ್ವಿರುದ್ಧ. ಹತ್ತಾರು ಮೈಲಿಗಳ ಪಾಯಿಂಟು, ಸಿಗ್ನಲ್‌ಗಳನ್ನು ಒಂದೇ ಮೇಜಿನಿಂದ ನಡೆಸುವ ಕೇಂದ್ರೀಕೃತ ನಿಯಂತ್ರಣ 1927ರಲ್ಲಿ ಓಹಾಯೊ ರಾಜ್ಯದ ಸ್ಟಾನ್ಲಿ ಮತ್ತು ಬೆರ್ವಿಕ್ ನಡುವೆ ಮೊದಲು ಬಂತು, ಮುಂದಿನ ದಶಕಗಳಲ್ಲಿ ದೇಶದ ಉದ್ದಗಲಕ್ಕೂ ಹಬ್ಬಿತು. ಟವರ್‌ಗಳು ಖಾಲಿಯಾದವು. ಅದೇ ಓಹಾಯೊದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ 2023ರ ಫೆಬ್ರುವರಿ 3ರ ರಾತ್ರಿ ಸರಕು ರೈಲೊಂದರ 38 ಗಾಡಿಗಳು ಹಳಿ ತಪ್ಪಿದವು. ವಿಷ ರಾಸಾಯನಿಕ ಸುಟ್ಟು ಊರಿನ ಬಹಳಷ್ಟು ಜನ ಮನೆ ಬಿಟ್ಟು ಹೋಗಬೇಕಾಯಿತು. ಕಾರಣ 80 ವರ್ಷ ಹಿಂದಿನದೇ, ಕಾದು ಕೆಟ್ಟ ಬೇರಿಂಗ್. ಹಳಿಪಕ್ಕದ ಶಾಖಮಾಪಕಗಳು ಸುಮ್ಮನಿರಲಿಲ್ಲ. ಬೇರಿಂಗಿನ ಶಾಖ ಸುತ್ತಲಿನ ಗಾಳಿಗಿಂತ ಮೊದಲನೆಯ ಮಾಪಕದಲ್ಲಿ 38 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು, ಸೇಲಂ ಊರಿನ ಬಳಿ 103, ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ 253. ಸೇಲಂನ ಅಂಕಿ ರೈಲು ನಿಲ್ಲಿಸಬೇಕಾದ ಮಿತಿಯನ್ನು ಮುಟ್ಟಿರಲಿಲ್ಲ, ಮುಂದಿನ ಮಾಪಕ ಇದ್ದದ್ದು ಸುಮಾರು 19 ಮೈಲಿ ಆಚೆ. ಆದರೆ ಅದೇ ಸೇಲಂನಲ್ಲಿ ಕಟ್ಟಡವೊಂದರ ಕಾವಲು ಕ್ಯಾಮೆರಾ ಗಾಡಿಯಡಿ ಬೆಂಕಿ ಉರಿಯುತ್ತಿದ್ದುದನ್ನು ಸೆರೆಹಿಡಿದಿತ್ತು. ಯಂತ್ರಕ್ಕೆ ಅದು ಮಿತಿಯೊಳಗಿನ ಒಂದು ಅಂಕಿ. ಟವರಿನಲ್ಲಿ ಯಾರಾದರೂ ನಿಂತಿದ್ದರೆ ಕತ್ತಲಲ್ಲಿ ಎದ್ದು ಕಾಣುವ ಬೆಂಕಿ.

ಮನುಷ್ಯರ ಮೇಲೆ ಇಷ್ಟು ನಂಬಿಕೆ ಸಲ್ಲದು ಎನ್ನುವವರ ಬಳಿ ಗಟ್ಟಿ ಸಾಕ್ಷ್ಯವಿದೆ. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ಸಿಗ್ನಲ್ ಕ್ಯಾಬಿನ್ನಿನ ಎದುರಿಗೇ ನಿಂತಿದ್ದ ಲೋಕಲ್ ರೈಲನ್ನು ಸಿಗ್ನಲ್‌ಮನ್‌ಗಳು ಮರೆತರು, ಸೈನಿಕರನ್ನು ಹೊತ್ತ ರೈಲಿಗೆ ಅದೇ ಹಳಿಯಲ್ಲಿ ದಾರಿ ಕೊಟ್ಟರು. 200ಕ್ಕೂ ಹೆಚ್ಚು ಜನ ಸತ್ತರು. ಆ ಸಿಗ್ನಲ್‌ಮನ್‌ಗಳಲ್ಲೊಬ್ಬ ಆ ಬೆಳಿಗ್ಗೆ ಕೆಲಸಕ್ಕೆ ಬಂದದ್ದು ಅದೇ ಲೋಕಲ್ ರೈಲಿನಲ್ಲಿ. ನೆನಪಿಟ್ಟುಕೊಳ್ಳುವ ಕೆಲಸವನ್ನು ಮನುಷ್ಯನ ತಲೆಗೆ ಬಿಡಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳಿಯಲ್ಲೇ ವಿದ್ಯುತ್ ಹರಿಸಿ ರೈಲಿರುವುದನ್ನು ಅರಿಯುವ ಟ್ರ್ಯಾಕ್ ಸರ್ಕ್ಯೂಟ್ ಆ ಕೆಲಸವನ್ನು ಮನುಷ್ಯನಿಗಿಂತ ಚೆನ್ನಾಗಿ ಮಾಡುತ್ತದೆ. ಮೂರು ಪಾಳಿಯಲ್ಲಿ ಮೈಲಿಗೊಬ್ಬರನ್ನು ಕೂರಿಸುವ ಖರ್ಚನ್ನು ಇಂದು ಯಾವ ರೈಲ್ವೆಯೂ ಹೊರಲಾರದು, ಅದೂ ನಿಜ. ಹಾಗಾಗಿ ಲಿವರ್‌ಗಳನ್ನು ಮರಳಿ ತನ್ನಿ ಎಂದು ನಾನು ಕೇಳುತ್ತಿಲ್ಲ. ಮರೆವಿಗೆ ಮದ್ದು ಹುಡುಕಿದ್ದೇವೆಂದು ನೋಟವನ್ನೂ ಕೈಬಿಟ್ಟದ್ದು ತಪ್ಪು ಎನ್ನುತ್ತಿದ್ದೇನೆ.

ನಮ್ಮ ದೇಶದ ಮಾತಿಗೆ ಬರೋಣ. 2023ರ ಫೆಬ್ರುವರಿ 8ರಂದು ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಪಾಯಿಂಟ್ ತಪ್ಪು ಹಳಿಗೆ ಕೂತಿರುವುದನ್ನು ಕಂಡು ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿನ ಲೋಕೋ ಪೈಲಟ್ ರೈಲು ನಿಲ್ಲಿಸಿದರು. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ ಎಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದು ಎಚ್ಚರಿಸಿದರು. ನಾಲ್ಕು ತಿಂಗಳೊಳಗೆ ಬಾಲಸೋರ್ ಬಳಿಯ ಬಹಾನಗಾ ಬಜಾರ್‌ನಲ್ಲಿ ಸಿಗ್ನಲ್ ವೈರಿಂಗ್ ದೋಷದಿಂದ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಲೈನಿಗೆ ನುಗ್ಗಿ 290ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ವೇಗ ಕಣ್ಣಿಗೆ ಅವಕಾಶವನ್ನೇ ಕೊಡಲಿಲ್ಲ. ನಿಲ್ಲದೆ ಹಾದುಹೋಗುವ ರೈಲನ್ನು ನಿಲ್ದಾಣದವರು ನೋಡಿ, ಬಾವುಟ ಹಿಡಿದು ಆಲ್‌ರೈಟ್ ಕೊಡಬೇಕೆಂಬ ನಿಯಮ ನಮ್ಮಲ್ಲಿ ಈಗಲೂ ಇದೆ. ಗೇಟ್‌ಮನ್‌ಗೂ ಈ ಹೊಣೆಯಿದೆ. ಗೇಟು ಹೋಗಿ ಕೆಳಸೇತುವೆ ಬಂದಾಗ ರಸ್ತೆಯ ಅಪಾಯ ತಪ್ಪಿತೆಂದು ಸರಿಯಾಗಿಯೇ ಸಂತೋಷಪಡುತ್ತೇವೆ, ಆದರೆ ಕಾದ ಆಕ್ಸಲ್ ಇದೆಯೇ ಎಂದು ನೋಡುತ್ತಿದ್ದ ಒಂದು ಜೊತೆ ಕಣ್ಣೂ ಅಲ್ಲಿಂದ ಹೋಯಿತು. ನಮ್ಮ ಸ್ವಯಂಚಾಲಿತ ರಕ್ಷಣಾ ವ್ಯವಸ್ಥೆ ಕವಚ್ ರೈಲುಗಳ ಡಿಕ್ಕಿಯನ್ನು, ಕೆಂಪು ಸಿಗ್ನಲ್ ದಾಟುವುದನ್ನು ತಡೆಯುತ್ತದೆಯೇ ಹೊರತು ಉರಿಯುವ ಬೇರಿಂಗನ್ನು ಕಾಣದು. ಆದ್ದರಿಂದ ಮುಚ್ಚುವ ಪ್ರತಿ ಕ್ಯಾಬಿನ್, ಪ್ರತಿ ಗೇಟಿನ ಆದೇಶದಲ್ಲೇ ಮೂರು ಸಂಗತಿ ಬರೆದಿರಬೇಕು: ಇನ್ನು ಮುಂದೆ ಇಲ್ಲಿ ರೈಲನ್ನು ನೋಡುವವರು ಯಾರು ಅಥವಾ ಯಾವ ಯಂತ್ರ, ಮುಂದಿನ ನೋಟ ಎಷ್ಟು ಕಿಲೋಮೀಟರ್ ಆಚೆ, ಮತ್ತು ಅನುಮಾನ ಬಂದ ಕ್ಷಣ ಯಾರನ್ನೂ ಕೇಳದೆ ರೈಲು ನಿಲ್ಲಿಸುವ ಅಧಿಕಾರ ಯಾರದು.