ರಾಂಪುರದ ವೈಫೈ ಸಂಪರ್ಕಗಳಿಗೆ ಭದ್ರತೆ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು,
ಚಿತ್ರದುರ್ಗ ಜಿಲ್ಲೆ, ಚಿತ್ರದುರ್ಗ.

ಇವರಿಂದ:
ವರ್ತಕರು, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿಯವರು ಹಾಗೂ ನಾಗರಿಕರು,
ರಾಂಪುರ, ಮೊಳಕಾಲ್ಮುರು ತಾಲ್ಲೂಕು.

ವಿಷಯ: ಮನೆ, ಅಂಗಡಿ ಹಾಗೂ ಸರ್ಕಾರಿ ಕಚೇರಿಗಳ ವೈಫೈ ಭದ್ರಪಡಿಸುವ ಕುರಿತು.

ಮಾನ್ಯರೇ,

ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯ ಮೇಲಿರುವ ನಮ್ಮೂರಿನಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿಗಳೆಲ್ಲ ಈಗ ಸಣ್ಣ ಅಂಗಡಿಗಳ ವೈಫೈ ಮೇಲೆಯೇ ನಡೆಯುತ್ತಿವೆ. ಜನ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ತಂದು ನಮ್ಮ ಕೈಗೆ ಕೊಡುತ್ತಾರೆ. ಅವರ ಕಾಗದಪತ್ರ ಕಾಯುವ ಹೊಣೆ ನಮ್ಮದು. ಆದರೆ ಕಾಯುವುದು ಹೇಗೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಫೈಬರ್ ಎಳೆಯಲು ಬಂದ ಹುಡುಗರು ಅಂಗಡಿಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗುವುದು ವಾಡಿಕೆ. ಅದೇ ನಂಬರ್ ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿದೆ! ರೂಟರ್‌ನ ಒಳಗಿನ ಸೆಟ್ಟಿಂಗ್‌ಗೆ ಹೋಗುವ ಪಾಸ್‌ವರ್ಡಂತೂ ಕಂಪನಿಯಿಂದ ಬಂದಾಗ ಏನಿತ್ತೋ ಅದೇ ಉಳಿದಿರುತ್ತದೆ. ವೈಫೈ ಸಿಗ್ನಲ್ ಗೋಡೆಗೆ ನಿಲ್ಲುವುದಿಲ್ಲ. ರಸ್ತೆಯಲ್ಲಿ ನಿಂತವರಿಗೂ ಸಿಗುತ್ತದೆ. ವೈಫೈ ಹೆಸರನ್ನು ಮರೆಮಾಡಿದರೆ ಸಾಕೆಂದು ಕೆಲವರು ನಂಬಿದ್ದಾರೆ. ಹುಡುಕುವವರಿಗೆ ಅದೂ ಕಾಣುತ್ತದೆ.

ಇದು ಬರಿ ಡೇಟಾ ಕಳ್ಳತನದ ಮಾತಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುನ್ನ ಬಂದ ಬೆದರಿಕೆ ಇ-ಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಗೆ. ಭದ್ರತೆಯಿಲ್ಲದ ಅವರ ವೈಫೈಯನ್ನು ಬೇರೆಯವರು ಬಳಸಿದ್ದರು. ಆದರೆ ವಿಚಾರಣೆ ಎದುರಿಸಬೇಕಾಗಿ ಬಂದದ್ದು ಆ ಅಮೆರಿಕನ್ ಪ್ರಜೆ. ಆಮೇಲೆ, 2009ರ ಫೆಬ್ರವರಿಯಲ್ಲಿ, ವೈಫೈ ಭದ್ರತೆಯ ಬಗ್ಗೆ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಆ ಎಚ್ಚರ ನಮ್ಮ ಹೋಬಳಿ ಮಟ್ಟಕ್ಕೆ ಇನ್ನೂ ಇಳಿದಿಲ್ಲ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇಷ್ಟು: ಸಂಪರ್ಕ ಕೊಡುವ ಕಂಪನಿಯವರು ಎರಡೂ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಇಟ್ಟು, ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯ ಮುಚ್ಚಿಯೇ ಹೋಗಬೇಕು. ಮಾಡಿದ್ದನ್ನು ಕನ್ನಡದ ಒಂದು ಹಾಳೆಯಲ್ಲಿ ಬರೆದು ಗ್ರಾಹಕರ ಸಹಿ ಪಡೆಯುವಂತೆ ತಾವು ಆದೇಶಿಸಬೇಕು. ಡಬ್ಲ್ಯುಇಪಿ ಎಂಬ ಹಳೆಯ ಬೀಗ 2001ರಲ್ಲೇ ಮುರಿದಿದೆ. ಅದನ್ನು ಬಿಟ್ಟರೆ ಬೇರೆ ಗತಿಯಿಲ್ಲದ ರೂಟರ್‌ಗಳನ್ನೂ, ಕಂಪನಿ ಅಪ್‌ಡೇಟ್ ನಿಲ್ಲಿಸಿದವನ್ನೂ ಬದಲಿಸಿಕೊಡಬೇಕು.

ಸರ್ಕಾರಿ ಕಚೇರಿಗಳಲ್ಲಿ ಸಾರ್ವಜನಿಕರಿಗೆ ವೈಫೈ ಕೊಡುವುದಾದರೆ ಅತಿಥಿಗಳಿಗೆಂದೇ ಬೇರೆ ಸಂಪರ್ಕವಿರಲಿ. ಅರ್ಜಿದಾರರ ಮೊಬೈಲೂ ಜನರ ದಾಖಲೆ ತುಂಬಿದ ಕಂಪ್ಯೂಟರೂ ಒಂದೇ ಜಾಲದಲ್ಲಿರುವುದು ಬೇಡ. ಸಿಬ್ಬಂದಿ ವರ್ಗವಾದ ದಿನವೇ ಪಾಸ್‌ವರ್ಡ್ ಬದಲಾಗಲಿ. ಗೋಡೆಗೆ ಪಾಸ್‌ವರ್ಡ್ ಬರೆದು ಅಂಟಿಸುವ ಪದ್ಧತಿ ನಿಲ್ಲಲಿ.

ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧ) ಠಾಣೆಯ ಸಿಬ್ಬಂದಿ ರಾಂಪುರಕ್ಕೆ ಬಂದು ಅಂಗಡಿಗಳ ರೂಟರ್ ಪರೀಕ್ಷಿಸುವ ಶಿಬಿರ ನಡೆಸಬೇಕು. ಗಡಿಯೂರು ನಮ್ಮದು, ತೆಲುಗು ಮಾತಾಡುವವರು ಬಹಳ. ತಿಳಿವಳಿಕೆ ಪತ್ರ ಎರಡೂ ಭಾಷೆಯಲ್ಲಿರಲಿ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು ಕರೆ ಮಾಡಬೇಕಾದ 1930 ಸಂಖ್ಯೆ ಪ್ರತಿ ಸೇವಾ ಕೇಂದ್ರದಲ್ಲೂ ಕಾಣುವಂತಿರಲಿ. ವೈಫೈ ದುರ್ಬಳಕೆಯಾದಾಗ ಅಂಗಡಿಯವರನ್ನು ನೇರವಾಗಿ ಆರೋಪಿಯೆಂದು ಕಾಣದೆ, ಮೊದಲು ರೂಟರ್‌ನ ದಾಖಲೆ ಪರಿಶೀಲಿಸುವಂತೆ ಪೊಲೀಸ್ ಅಧಿಕಾರಿಗಳಿಗೆ ಸೂಚಿಸಬೇಕು.

ಹೊಸ ಸಂಪರ್ಕಗಳಿಗೆ ಸಂಬಂಧಿಸಿದ ಆದೇಶಕ್ಕೆ ಹಣದ ಅನುದಾನ ಬೇಕಿಲ್ಲ. ಅದನ್ನಾದರೂ ಕೂಡಲೇ ಹೊರಡಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಂಪುರದ ವರ್ತಕರು ಮತ್ತು ನಾಗರಿಕರು

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಚಿತ್ರದುರ್ಗ; ತಹಶೀಲ್ದಾರರು, ಮೊಳಕಾಲ್ಮುರು.