ಬಾಡಿಗೆಯ ಮನೆಯೂ ಬೀಗದ ಗುಡಿಯೂ

ಬೇಸಗೆಯ ರಜ ಸಮೀಪಿಸಿತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಿದ್ಯಾವಂತ ಮನೆಗಳಲ್ಲಿ ಒಂದೇ ಚರ್ಚೆ ಏಳುತ್ತದೆ: ಈ ಸಲ ಪ್ರಯಾಣವೆಲ್ಲಿಗೆ? ಸಾಧಾರಣ ಸ್ಥಿತಿಯವರು ಗೋಕರ್ಣದ ಕಡಲಂಚಿನಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿಯುವರು. ಅನುಕೂಲವುಳ್ಳವರು ಇಟಲಿ, ಸ್ಪೇನ್ ದೇಶಗಳ ಮೆಡಿಟರೇನಿಯನ್ ತೀರದ ವಿಲ್ಲಾಗಳ ಚಿತ್ರವನ್ನು ನೋಡುತ್ತ ಕುಳಿತಿರುವರು. ಅದೇ ವಾರದಲ್ಲಿ ಬೆಂಗಳೂರಿನ ಕಾರುಗಳ ಸಾಲು ಹಾಸನವನ್ನು ಹಾದು ಸಕಲೇಶಪುರದ ಕಾಫಿತೋಟಗಳ ಬಾಡಿಗೆಮನೆಗಳತ್ತ ಧಾವಿಸುತ್ತದೆ. ಊರವರು ಹೊರಕ್ಕೆ, ಹೊರಗಿನವರು ಒಳಕ್ಕೆ. ದಾರಿಯ ಪಕ್ಕದ ಹಳ್ಳಿಯ ಗುಡಿಯ ಮುಂದೆ ಮಾತ್ರ ಇವರೂ ನಿಲ್ಲರು, ಅವರೂ ನಿಲ್ಲರು.

ಪ್ರವಾಸವು ದೋಷವೆಂದು ಯಾರೂ ಹೇಳಲಾರರು. ಅದರಲ್ಲಿಯೂ ಒಂದೆಡೆ ಮನೆ ಮಾಡಿ, ಅಲ್ಲಿಯ ಸಂತೆಯಲ್ಲಿ ತರಕಾರಿ ಕೊಂಡು, ನೆರೆಯವರನ್ನು ಮಾತನಾಡಿಸಿ, ಸುತ್ತಲಿನ ಸ್ಥಳಗಳನ್ನು ದಿನಕ್ಕೊಂದರಂತೆ ನೋಡುವ ಕ್ರಮವು, ಒಂದೇ ಹಗಲಿನಲ್ಲಿ ಏಳು ಊರುಗಳನ್ನು ತೊಳಲಿ ಬರುವ ಕ್ರಮಕ್ಕಿಂತ ನೂರುಮಡಿ ಮೇಲಾದುದು. ಇಂತಹ ಒಳ್ಳೆಯ ಪದ್ಧತಿಯ ಹೆಸರನ್ನು ಉಳಿಸಿಕೊಂಡು ತಿರುಳನ್ನು ಬಿಸುಟಿರುವುದೇ ಈಗಿನ ಆಕ್ಷೇಪಕ್ಕೆ ಕಾರಣ.

ಹೋಂಸ್ಟೇ ಎಂಬ ಮಾತಿನ ಅರ್ಥವೇನು? ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಇಲಾಖೆಯು ಇಂತಹ ಮನೆಗಳಿಗಾಗಿ ರಚಿಸಿದ ಯೋಜನೆಯ ಪ್ರಕಾರ ಒಡೆಯನು ಸಕುಟುಂಬನಾಗಿ ಆ ಮನೆಯಲ್ಲಿಯೇ ವಾಸವಾಗಿರತಕ್ಕದ್ದು. ಅತಿಥಿಗಳಿಗೆ ಕೊಡುವ ಕೊಠಡಿಗಳು ಆರನ್ನು ಮೀರತಕ್ಕದ್ದಲ್ಲ. ಅಂದರೆ ಮನೆಯೆಂಬುದು ಗೋಡೆಯಲ್ಲ, ಮನೆಯವರು. ಇಂದು ಎಷ್ಟೋ ಕಡೆ ನಡೆಯುತ್ತಿರುವುದೇನು? ಒಡೆಯನು ಬೆಂಗಳೂರಿನಲ್ಲಿ, ತೋಟದಲ್ಲಿ ಬೀಗದ ಕೈ ಹಿಡಿದ ಕಾವಲಿನವನೊಬ್ಬ, ಈಜುಕೊಳವೊಂದು, ನಡುರಾತ್ರಿಯವರೆಗೆ ಧ್ವನಿವರ್ಧಕದ ಅಬ್ಬರ. ಬಂದವರು ಎರಡು ರಾತ್ರಿ ಕಳೆದು, ಮಂಜರಾಬಾದಿನ ಕೋಟೆಯನ್ನೇರಿ, ಬೇಲೂರು ಹಳೇಬೀಡುಗಳಲ್ಲಿ ಅರ್ಧರ್ಧ ಗಂಟೆ ನಿಂತು ಹಿಂದಿರುಗುವರು. ಸಮೀಪದಲ್ಲಿ ಬೇರೇನಿದೆಯೆಂದು ಕೇಳಿದರೆ ಉತ್ತರ ಹೇಳಬಲ್ಲವರು ಆ ಮನೆಯಲ್ಲಿಲ್ಲ.

ಸಮೀಪದಲ್ಲಿ ಏನಿಲ್ಲ? ಬೇಲೂರಿನ ಹಾದಿಯ ಬಳಿಯ ದೊಡ್ಡಗದ್ದವಳ್ಳಿಯಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ವರ್ತಕನೊಬ್ಬನು ತನ್ನ ಪತ್ನಿಯೊಡಗೂಡಿ ಕಟ್ಟಿಸಿದ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿಯ ಆಲಯವಿದೆ. ಕೋರವಂಗಲದಲ್ಲಿ 1173ರ ಬೂಚೇಶ್ವರನಿದ್ದಾನೆ. ಮೊಸಳೆಯಲ್ಲಿ ನಾಗೇಶ್ವರ ಚೆನ್ನಕೇಶವರ ಅವಳಿ ಗುಡಿಗಳು ಅಣ್ಣತಮ್ಮಂದಿರಂತೆ ನಿಂತಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಪ್ರತಿಷ್ಠಿಸಿದ ಲಕ್ಷ್ಮೀನರಸಿಂಹನ ಗುಡಿಯ ಗೋಡೆಗಳಲ್ಲಿ ಬೈಚೋಜ, ಮಲ್ಲಿತಮ್ಮರೆಂಬ ಶಿಲ್ಪಿಗಳು ತಮ್ಮ ಹೆಸರನ್ನೇ ಕೊರೆದಿಟ್ಟಿದ್ದಾರೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯೂ, ಹೊಳೆನರಸೀಪುರದಲ್ಲಿ ಹೇಮಾವತಿಯೂ ದೇವಾಲಯಗಳ ಮಗ್ಗುಲಲ್ಲಿಯೇ ಹರಿಯುತ್ತವೆ. ಶ್ರವಣಬೆಳಗೊಳಕ್ಕೆ ಹೋದವರಾದರೂ ಗೊಮ್ಮಟನ ಅಡಿಯಲ್ಲಿ ಚಿತ್ರ ತೆಗೆಸಿಕೊಂಡು ಇಳಿಯುವರೇ ಹೊರತು, ಎದುರಿನ ಚಂದ್ರಗಿರಿಯನ್ನು ಏರುವವರು ಎಷ್ಟು ಮಂದಿ? ಬಿ. ಎಲ್. ರೈಸರು 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಹಿಗ್ಗಿಸಿದ ಅಲ್ಲಿಯ ಶಾಸನಗಳು ಬಂಡೆಯ ಮೇಲೆ ಓದುಗರಿಗಾಗಿ ಕಾದಿವೆ.

ಇದಕ್ಕಿಂತ ಗಾಢವಾದ ವಿಷಯವೊಂದುಂಟು. ಗೊರೂರಿನ ಸಮೀಪದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿಯು, ಹೇಮಾವತಿಯ ಅಣೆಕಟ್ಟು ಎದ್ದಮೇಲೆ, ಮಳೆಗಾಲದಲ್ಲಿ ನೀರೊಳಗೂ ಬೇಸಗೆಯಲ್ಲಿ ಬಯಲಲ್ಲೂ ನಿಲ್ಲುತ್ತದೆ. ಅದರ ಮುರಿದ ಕಮಾನುಗಳ ಮುಂದೆ ಮದುವೆಗೆ ಮುಂಚಿನ ಚಿತ್ರಗಳನ್ನು ತೆಗೆಸಿಕೊಳ್ಳಲು ದೂರದೂರುಗಳಿಂದ ಜನ ಬರುತ್ತಾರೆ. ಈ ನೀರಿನ ಕೆಳಗೆ ಹೊಲವಿತ್ತು, ಹಟ್ಟಿಯಿತ್ತು, ಒಲೆ ಉರಿಯುತ್ತಿದ್ದ ಮನೆಗಳಿದ್ದುವು. ಅವುಗಳನ್ನು ಬಿಟ್ಟೆದ್ದವರ ಮಕ್ಕಳು ಇದೇ ಜಿಲ್ಲೆಯಲ್ಲಿ ಬಾಳುತ್ತಿದ್ದಾರೆಂದು ಅವರಿಗೆ ತಿಳಿಸುವವರಿಲ್ಲ. ಒಬ್ಬರ ನಷ್ಟವು ಇನ್ನೊಬ್ಬರ ವಿನೋದವಾಗುವಾಗ, ನಡುವೆ ಕಥೆ ಹೇಳುವ ಬಾಯಿಯೊಂದಾದರೂ ಇರಬೇಕು. ಆ ಬಾಯಿ ಮನೆಯೊಡೆಯನದಲ್ಲದೆ ಮತ್ತಾರದು?

ಪ್ರತಿವಾದಿಗಳು ಹೇಳುವ ಮೊದಲನೆಯ ಮಾತು ಹಣದ್ದು: ಬಾಡಿಗೆಮನೆಗಳಿಂದ ಜಿಲ್ಲೆಗೆ ಆದಾಯವುಂಟು, ಕೆಲವರಿಗೆ ಕೂಲಿಯುಂಟು ಎಂದು. ನಿಜವೇ. ಆದರೆ ಆ ಹಾದಿಯನ್ನು ಮೊದಲೇ ತುಳಿದವರ ಗತಿಯನ್ನು ನೋಡಬೇಕು. ಯಾವ ಮೆಡಿಟರೇನಿಯನ್ ತೀರವನ್ನು ಇಲ್ಲಿಯವರು ಕನಸು ಕಾಣುತ್ತಿರುವರೋ, ಅಲ್ಲಿಯ ಬಾರ್ಸೆಲೋನಾ ನಗರವು ಹತ್ತು ಸಾವಿರಕ್ಕೂ ಮಿಕ್ಕ ಪ್ರವಾಸಿ ಬಾಡಿಗೆಮನೆಗಳ ಪರವಾನಗಿಯನ್ನು 2028ರ ವೇಳೆಗೆ ಕೊನೆಗಾಣಿಸುವುದಾಗಿ 2024ರಲ್ಲಿ ಸಾರಿತು. ಏಕೆಂದರೆ ಊರವರಿಗೇ ವಾಸಕ್ಕೆ ಮನೆ ದುರ್ಲಭವಾಗಿತ್ತು. ವೆನಿಸ್ ನಗರವು ಅದೇ ವರ್ಷದಿಂದ ಕೆಲವು ದಿನಗಳಲ್ಲಿ ಹಗಲಿಗೆ ಬಂದು ಹೋಗುವವರ ಮೇಲೆ ಸುಂಕ ವಿಧಿಸತೊಡಗಿತು. ಮನೆಯು ಕೇವಲ ಸರಕಾದ ಊರಿನಲ್ಲಿ ಕಡೆಗೆ ಊರವರೇ ಪರಕೀಯರಾಗುವರು.

ಎರಡನೆಯ ಮಾತು ಹೆಚ್ಚು ವಿಚಾರಾರ್ಹವಾದುದು. ಸಣ್ಣ ಗುಡಿಗಳನ್ನು ಎಲ್ಲರಿಗೂ ತೋರಿಸಿಕೊಟ್ಟರೆ ಅವೂ ಕೆಡುವುವು, ಮರೆಯಲ್ಲಿರುವುದೇ ಅವುಗಳಿಗೆ ರಕ್ಷೆ ಎಂದು ಕೆಲವರ ಮತ. ಹಿಂಡುಹಿಂಡಾಗಿ ನುಗ್ಗುವ ಜನದಿಂದ ಕೇಡುಂಟೆಂಬುದನ್ನು ಒಪ್ಪಲೇಬೇಕು. ಆದರೆ ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹವು 2020ರ ನವೆಂಬರಿನಲ್ಲಿ ಭಗ್ನವಾಗಿ ಕಂಡುಬಂದಿತು. ಅದು ಬೇಲೂರಿನಂತಹ ಸಂದಣಿಯನ್ನು ಕಂಡ ಗುಡಿಯಲ್ಲ. ನಿರ್ಜನತೆಯು ಕಾವಲಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಪಟ್ಟಿಗೆ ಸೇರದ ಗುಡಿಗಳಿಗೆ ನೆರೆಹೊರೆಯವರ ಕಣ್ಣೇ ಪಟ್ಟಿ, ಅವರ ಕಾಲ್ನಡೆಯೇ ಪಹರೆ.

ಆದುದರಿಂದ ಆಗಬೇಕಾದುದು ಸ್ಪಷ್ಟವಾಗಿದೆ. ಮನೆಯನ್ನು ಬಾಡಿಗೆಗೆ ಕೊಡುವವನು ಆ ಮನೆಯಲ್ಲಿರಲಿ. ತನ್ನ ಹೋಬಳಿಯ ಐದು ಸ್ಥಳಗಳ ವೃತ್ತಾಂತವನ್ನು ತಾನು ಕಲಿತು ಅತಿಥಿಗೆ ಹೇಳಲಿ. ಗುಡಿಯ ಅರ್ಚಕನ ಅಥವಾ ಕಾವಲುಗಾರನ ಪರಿಚಯ ಮಾಡಿಕೊಡಲಿ. ಇಷ್ಟನ್ನು ಮಾಡಲಾರದವನು ತನ್ನ ಕಟ್ಟಡವನ್ನು ಹೋಟೆಲೆಂದು ಕರೆದುಕೊಳ್ಳಲಿ. ಮನೆಯೆಂಬ ಮಾತಿಗೆ ಕಳಂಕ ತರುವುದು ಬೇಡ. ವಿದ್ಯಾವಂತ ಗೃಹಸ್ಥರಾದರೋ, ದೂರದ ಕಡಲಿಗೆ ಹೊರಡುವ ಮೊದಲು ಒಂದು ಭಾನುವಾರವನ್ನು ಮಕ್ಕಳೊಡನೆ ಮೊಸಳೆಯಲ್ಲಿಯೋ ನುಗ್ಗೇಹಳ್ಳಿಯಲ್ಲಿಯೋ ಕಳೆಯಲಿ. ಬೀಗ ಹಾಕಿದ್ದರೆ ಬೀಗದ ಕೈ ಯಾರ ಮನೆಯಲ್ಲಿದೆಯೆಂದು ಕೇಳಲಿ. ಹಾಗೆ ಕೇಳುವವರು ಹೆಚ್ಚಿದಷ್ಟೂ ಬಾಗಿಲು ತೆರೆಯುವ ವೇಳೆ ಹೆಚ್ಚುವುದು.

ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೂ ಹೋಗಿಬಂದರು. ಆ ಪ್ರವಾಸದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಆದರೆ ಅದಕ್ಕೆ ಬಹಳ ಹಿಂದೆಯೇ ಅವರು ಹೇಮಾವತಿಯ ದಡದ ತಮ್ಮ ಹಳ್ಳಿಯನ್ನು ಕಣ್ಣುತುಂಬ ನೋಡಿ ಬರೆದಿದ್ದರು. ಮೊದಲು ಹೊಳೆ, ಆಮೇಲೆ ಸಮುದ್ರ. ಹಾಸನದ ಸೀಮೆಯವರಿಗೆ ಪ್ರಯಾಣದ ಈ ಕ್ರಮವನ್ನು ಬೇರೆಯವರಿಂದ ಕಲಿಯಬೇಕಾದ ಅಗತ್ಯವಿಲ್ಲ, ಮರೆಯದಿದ್ದರೆ ಸಾಕು.